ಮಳೆ ಬಂತು, ಜ್ವರ ಬರಲಿಲ್ಲ

ನಮ್ಮ ಮಾವನವರದ್ದು ಒಂದು ಹಳೇ ಅಭ್ಯಾಸ. ಕೇರಳಕ್ಕೆ ಮುಂಗಾರು ಬಂತು ಅಂತ ರೇಡಿಯೋದಲ್ಲಿ ಕೇಳಿದ ದಿನವೇ ಸ್ಟಾಕಿಸ್ಟ್‌ಗೆ ಫೋನ್ ಮಾಡಬೇಕು. ಕೆಮ್ಮಿನ ಸಿರಪ್ ಇಷ್ಟು, ಪ್ಯಾರಾಸಿಟಮಾಲ್ ಇಷ್ಟು, ಮಕ್ಕಳ ಜ್ವರದ ಔಷಧಿ ಇಷ್ಟು, ವಿಕ್ಸ್ ಡಬ್ಬಿ ಇಷ್ಟು. ಮುಂಬಯಿಯ ಮುಲುಂಡಿನಲ್ಲಿ ಅವರು ಮೆಡಿಕಲ್ ಅಂಗಡಿ ಹಾಕಿದ್ದು 1983ರಲ್ಲಿ. ಅವತ್ತಿನಿಂದ ಇದೇ ಲೆಕ್ಕ. "ಮೋಡ ಅಲ್ಲಿಂದ ಇಲ್ಲಿಗೆ ಬರೋಕೆ ಹತ್ತು ದಿನ. ಬಂದ ಮೇಲೆ ಇನ್ನೊಂದು ಹದಿನೈದು ದಿನ. ಆಮೇಲೆ ಇಡೀ ಮುಲುಂಡು ಕೆಮ್ಮುತ್ತೆ ನೋಡು" ಅನ್ನುತ್ತಿದ್ದರು.

ನಾನು ಅಂಕೋಲದಿಂದ ಮದುವೆಯಾಗಿ ಬಂದವಳು. ಬಿ.ಕಾಂ. ಓದಿದ್ದೆ ಅನ್ನೋ ಕಾರಣಕ್ಕೆ ಅಂಗಡಿಯ ಲೆಕ್ಕ ನನ್ನ ಕೈಗೆ ಬಂತು. ಕೌಂಟರಿನಲ್ಲಿ ಇವರು, ಹಿಂದಿನ ಸಣ್ಣ ಟೇಬಲ್ಲಿನಲ್ಲಿ ನಾನು. ಹದಿನಾಲ್ಕು ವರ್ಷ ಮಾವನವರ ಲೆಕ್ಕ ಒಮ್ಮೆಯೂ ತಪ್ಪಿದ್ದನ್ನು ನಾನು ನೋಡಿರಲಿಲ್ಲ.

ಜುಲೈ ತಿಂಗಳ ಸಂಜೆ ಏಳೂವರೆಯಿಂದ ಒಂಬತ್ತರವರೆಗೆ ನಮ್ಮ ಅಂಗಡಿಯನ್ನು ನೋಡಬೇಕಿತ್ತು. ಸ್ಟೇಶನ್ನಿನಿಂದ ನೇರ ಬಂದವರು. ಕೊಡೆಯಿಂದ ನೀರು ಸೋರಿ ಕೌಂಟರಿನ ಕೆಳಗೆ ಒಂದು ಸಣ್ಣ ಹೊಳೆ. ಅದಕ್ಕೆ ನಾವು ಗೋಣಿಚೀಲ ಹಾಸುತ್ತಿದ್ದೆವು. "ಸರ್ದಿ, ಖೋಕಲಾ, ಅಂಗ ದುಖ್ತಂಯ್" (ನೆಗಡಿ, ಕೆಮ್ಮು, ಮೈಕೈ ನೋವು) ಎಂದು ಮರಾಠಿಯಲ್ಲಿ ಒಬ್ಬರು, ಗುಜರಾತಿಯಲ್ಲಿ ಇನ್ನೊಬ್ಬರು. ಪಕ್ಕದ ಉಡುಪಿ ಹೋಟೆಲಿನ ಹುಡುಗರು ಕುಂದಾಪುರದ ಕನ್ನಡದಲ್ಲಿ. ಭಾಷೆ ಮೂರು, ಕೆಮ್ಮು ಒಂದೇ. ಎಲ್ಲರೂ ಕೊಡುತ್ತಿದ್ದ ಕಾರಣವೂ ಒಂದೇ: ಮಳೆಯಲ್ಲಿ ನೆನೆದೆ.

2020ರ ಜೂನಿನಲ್ಲೂ ಮಾವ ಫೋನ್ ಮಾಡಿದರು. ಈ ಸಲ ಕೊರೊನಾ ಬೇರೆ ಇದೆ, ಜಾಸ್ತಿ ಬೇಕಾಗುತ್ತೆ ಅಂತ ಒಂದೂವರೆ ಪಟ್ಟು ಹೇಳಿದರು. ಡಬ್ಬಗಳು ಬಂದವು. ರ‍್ಯಾಕಿನಲ್ಲಿ ಜಾಗ ಸಾಲದೆ ಅಟ್ಟಕ್ಕೂ ಏರಿದವು.

ಅಲ್ಲೇ ಉಳಿದವು.

ಆ ವರ್ಷ ಮಳೆಯೇನೂ ಕಡಿಮೆ ಇರಲಿಲ್ಲ. ಆಗಸ್ಟ್ 5ರಂದು ಕೊಲಾಬಾದಲ್ಲಿ 24 ಗಂಟೆಯಲ್ಲಿ 331.8 ಮಿಲಿಮೀಟರ್ ಸುರಿಯಿತು. ಗಾಳಿಗೆ ನಮ್ಮ ಬೀದಿಯ ಗುಲ್‌ಮೊಹರ್ ಮರ ಒಂದು ರಿಕ್ಷಾದ ಮೇಲೆ ಒರಗಿತು. ಆದರೆ ಮಕ್ಕಳ ಕೆಮ್ಮಿನ ಸಿರಪ್ ಕೇಳಿಕೊಂಡು ಆ ವಾರ ಬಂದವರು ಇಬ್ಬರು. ಇಬ್ಬರೇ. ಲೆಕ್ಕದ ಪುಸ್ತಕ ಇನ್ನೂ ಇದೆ, ಈಗಲೂ ತೆಗೆದು ನೋಡಿದೆ.

ಇಲ್ಲಿ ಒಂದು ಮಾತು ನಾನೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಯಾರಾದರೂ ಕೇಳುತ್ತಾರೆ. ಜನ ಹೆದರಿ ಮನೆಯಿಂದ ಹೊರಗೇ ಬರಲಿಲ್ಲ, ಮಕ್ಕಳ ಡಾಕ್ಟರುಗಳ ಕ್ಲಿನಿಕ್ ಮುಚ್ಚಿತ್ತು, ಹಾಗಾಗಿ ಔಷಧಿ ಹೋಗಲಿಲ್ಲ ಅಂತ ಯಾಕೆ ಅಂದುಕೊಳ್ಳಬಾರದು? ನನಗೂ ಅದೇ ಅನುಮಾನ ಇತ್ತು. ಆದರೆ ಬಿಪಿ ಮಾತ್ರೆ, ಸಕ್ಕರೆ ಕಾಯಿಲೆ ಮಾತ್ರೆ ಆ ವರ್ಷ ಮೊದಲಿಗಿಂತ ಜಾಸ್ತಿ ಹೋಗಿದ್ದವು. ಜನ ಎರಡೆರಡು ತಿಂಗಳಿನದ್ದು ಕಟ್ಟಿಸಿಕೊಂಡು ಹೋಗುತ್ತಿದ್ದರು. ಅಂಗಡಿಗೆ ಬರುತ್ತಿದ್ದರು ಅಂತಾಯಿತು. ಕೆಮ್ಮೇ ಬರಲಿಲ್ಲ. ಕೊರೊನಾ ಬಂದವರು ಬೇರೆಯೇ ದಾರಿಯಲ್ಲಿ ಹೋಗುತ್ತಿದ್ದರು: ಟೆಸ್ಟು, ಆಂಬುಲೆನ್ಸ್, ಮೈದಾನದಲ್ಲಿ ಕಟ್ಟಿದ ಜಂಬೋ ಆಸ್ಪತ್ರೆ.

ಆದರೂ ಒಂದು ಅಂಗಡಿಯ ಪುಸ್ತಕ ನೋಡಿ ಲೋಕದ ಕತೆ ಹೇಳೋಕಾಗಲ್ಲ. ಆಮೇಲೆ ಓದುತ್ತಾ ಹೋದ ಹಾಗೆ ಗೊತ್ತಾಯಿತು, ಅಟ್ಟದ ಮೇಲೆ ಡಬ್ಬ ಉಳಿದದ್ದು ನಮ್ಮೊಬ್ಬರಿಗೇ ಅಲ್ಲ. ಆಸ್ಟ್ರೇಲಿಯಾ, ಚಿಲಿ, ದಕ್ಷಿಣ ಆಫ್ರಿಕಾ, ಈ ಮೂರು ದೇಶಗಳಲ್ಲಿ ನಮ್ಮ ಬೇಸಿಗೆ-ಮಳೆಗಾಲದ ಹೊತ್ತಿಗೆ ಚಳಿಗಾಲ, ಅದೇ ಅಲ್ಲಿ ಜ್ವರ-ಕೆಮ್ಮು ತರುವ ಫ್ಲೂ ವೈರಸ್‌ನ ಕಾಲ. 2020ರ ಏಪ್ರಿಲ್‌ನಿಂದ ಜುಲೈವರೆಗೆ ಅಲ್ಲಿ 83,307 ಜನರ ಮೂಗು-ಗಂಟಲಿನ ದ್ರವವನ್ನು ಫ್ಲೂಗಾಗಿ ಪರೀಕ್ಷಿಸಿದ್ದರು. ಸಿಕ್ಕಿದ್ದು 51. ಅದರ ಹಿಂದಿನ ಮೂರು ವರ್ಷ ಅದೇ ತಿಂಗಳುಗಳಲ್ಲಿ ನೂರಕ್ಕೆ 13ಕ್ಕಿಂತ ಜಾಸ್ತಿ ಸಿಗುತ್ತಿತ್ತು. ಅಮೆರಿಕದಲ್ಲೂ ಇದೇ ಆಯಿತು. 2020ರ ಸೆಪ್ಟೆಂಬರ್ ಕೊನೆಯಿಂದ 2021ರ ಮೇವರೆಗೆ 8,18,939 ಪರೀಕ್ಷೆ, ಅದರಲ್ಲಿ ಫ್ಲೂ 1,675. ಅಂದರೆ ಸಾವಿರಕ್ಕೆ ಎರಡು. ಅಲ್ಲಿ 2019-20ರ ಫ್ಲೂ ಕಾಲದಲ್ಲಿ 199 ಮಕ್ಕಳು ತೀರಿಕೊಂಡಿದ್ದರು. ಮುಂದಿನ ವರ್ಷ ಒಂದು ಮಗು.

ಈ ಕೊನೆಯ ಎರಡು ಅಂಕಿ ಓದಿದ ದಿನ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಫ್ಲೂ ಅಂದರೆ ನಮಗೆ ಸಿರಪ್ಪಿನ ಗಿರಾಕಿ ಅಷ್ಟೇ ತಾನೆ.

ಆದರೆ ಒಂದು ಪ್ರಶ್ನೆ ಉಳಿಯಿತು. ಮಾಸ್ಕು, ಲಾಕ್‌ಡೌನು ಎಲ್ಲ ಇದ್ದೂ ಕೊರೊನಾ ನಿಲ್ಲಲಿಲ್ಲ. ಧಾರಾವಿಯಲ್ಲಿ ಬಂತು, ನಮ್ಮ ಸೊಸೈಟಿಯಲ್ಲಿ ಬಂತು, ಎದುರು ಮನೆಯಲ್ಲಿ ಬಂತು. ಫ್ಲೂ ಹೇಗೆ ನಿಂತಿತು? ಇದಕ್ಕೆ ಬಡ್ಡಿ ಲೆಕ್ಕ ಗೊತ್ತಿದ್ದರೆ ಸಾಕು. ಮಾಮೂಲಿ ಫ್ಲೂ ಬಂದ ಹತ್ತು ಜನ ಸುಮಾರು ಹದಿಮೂರು ಜನಕ್ಕೆ ಅಂಟಿಸುತ್ತಾರೆ. ಶುರುವಿನ ಕೊರೊನಾ ಆದರೆ ಹತ್ತು ಜನ ಇಪ್ಪತ್ತೈದು ಮೂವತ್ತು ಜನಕ್ಕೆ. ಈಗ ಊರಿನವರೆಲ್ಲ ಒಬ್ಬರಿಗೊಬ್ಬರು ಹತ್ತಿರ ಬರೋದನ್ನು ಅರ್ಧ ಮಾಡಿದರು ಅಂತಿಟ್ಟುಕೊಳ್ಳಿ. ಫ್ಲೂ ಹತ್ತರಿಂದ ಆರೂವರೆಗೆ ಇಳಿಯುತ್ತದೆ, ಆಮೇಲೆ ನಾಲ್ಕು, ಆಮೇಲೆ ಎರಡೂ ಮುಕ್ಕಾಲು. ಒಂದು ಸುತ್ತಿಗೆ ಮೂರು ದಿನ ಸಾಕು ಅದಕ್ಕೆ. ತಿಂಗಳೊಳಗೆ ಗಂಟು ಖಾಲಿ. ಕೊರೊನಾ ಅರ್ಧ ಆದರೂ ಹತ್ತಕ್ಕೆ ಹದಿಮೂರರಿಂದ ಹದಿನೈದು. ಅಸಲು ಬೆಳೆಯುತ್ತಲೇ ಇರುತ್ತದೆ. ಜೊತೆಗೆ ಫ್ಲೂ ನಮ್ಮೆಲ್ಲರಿಗೂ ಹಿಂದೆ ಯಾವಾಗಲೋ ಬಂದು ಹೋದದ್ದು, ಮೈಗೆ ಅದರ ಪರಿಚಯ ಇದೆ. ಕೊರೊನಾ ಯಾರಿಗೂ ಗೊತ್ತಿರದ ಹೊಸ ನೆಂಟ.

ಇನ್ನೂ ಎರಡು ವಿಷಯ. ಫ್ಲೂವನ್ನು ಮನೆ ಮನೆಗೆ ಹೊತ್ತು ತರೋದು ಮುಖ್ಯವಾಗಿ ಶಾಲೆಗೆ ಹೋಗುವ ಮಕ್ಕಳು. ಶಾಲೆಗಳು ಮುಚ್ಚಿದ್ದವು. ಮತ್ತೆ ಫ್ಲೂ ವೈರಸ್ ವರ್ಷಪೂರ್ತಿ ಒಂದೇ ಊರಿನಲ್ಲಿ ಕೂರೋದು ಕಡಿಮೆ, ವಿಮಾನ ಹತ್ತಿ ದೇಶ ದೇಶ ಸುತ್ತುತ್ತದೆ. ವಿಮಾನಗಳು ನಿಂತಿದ್ದವು. ಒಂದು ವೈರಸ್ ಮೈಯಲ್ಲಿ ಇದ್ದಾಗ ಇನ್ನೊಂದಕ್ಕೆ ಜಾಗ ಕೊಡದೆಯೂ ಇರಬಹುದು ಅಂತಲೂ ತಿಳಿದವರು ಹೇಳುತ್ತಾರೆ. ಇದರಲ್ಲಿ ಯಾವುದು ಎಷ್ಟು ಕೆಲಸ ಮಾಡಿತು ಅಂತ ಬಿಡಿಸಿ ತೂಗೋದು ಕಷ್ಟ, ಎಲ್ಲವೂ ಒಟ್ಟಿಗೇ ಆದವಲ್ಲ. ನನ್ನನ್ನು ಕೇಳಿದರೆ ಶಾಲೆ ಮತ್ತು ವಿಮಾನ ಅನ್ನುತ್ತೇನೆ. ಮುಂಬಯಿಯವಳಾಗಿ ಇನ್ನೊಂದು ಸೇರಿಸುತ್ತೇನೆ: ಲೋಕಲ್ ಟ್ರೈನು.

ನಮ್ಮ ಲೋಕಲ್‌ನ ರಶ್ಶಿಗೆ ರೈಲ್ವೆಯವರೇ ಒಂದು ಹೆಸರಿಟ್ಟಿದ್ದಾರೆ, 'ಸೂಪರ್ ಡೆನ್ಸ್ ಕ್ರಶ್ ಲೋಡ್'. ಒಂದು ಚದರ ಮೀಟರಿನಲ್ಲಿ 14ರಿಂದ 16 ಜನ ನಿಂತಿರೋದು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚಾಪೆ ಹಾಸಿ ಅದರ ಮೇಲೆ ಹದಿನಾರು ಜನರನ್ನು ನಿಲ್ಲಿಸಿ ನೋಡಿ. ಬೇಸಿಗೆಯಲ್ಲಿ ಕಿಟಕಿಯಿಂದ ಗಾಳಿಯಾದರೂ ಬರುತ್ತದೆ. ಮಳೆ ಶುರುವಾದ ಕೂಡಲೇ ಕಿಟಕಿಯ ಹತ್ತಿರ ಕೂತವರು ಶಟರ್ ಇಳಿಸುತ್ತಾರೆ. ಆಮೇಲೆ ಮುಲುಂಡಿನಿಂದ ಊರಿನ ಆ ತುದಿಯ ಸಿಎಸ್‌ಎಂಟಿ ಸ್ಟೇಶನ್ನಿನವರೆಗೆ ಎಲ್ಲರೂ ಎಲ್ಲರ ಉಸಿರನ್ನೇ ಉಸಿರಾಡೋದು. ಒದ್ದೆ ಬಟ್ಟೆ, ಬೆವರು, ಯಾರದೋ ಬ್ಯಾಗಿನ ಮೀನು, ಯಾರದೋ ಕೆಮ್ಮು. 2020ರ ಮಾರ್ಚಿನಲ್ಲಿ ಈ ಟ್ರೈನುಗಳು ನಿಂತವು. ಜೂನ್ 15ಕ್ಕೆ ಶುರುವಾದದ್ದು ಆಸ್ಪತ್ರೆ, ಪಾಲಿಕೆ, ಪೊಲೀಸ್ ಈ ಥರದವರಿಗೆ ಮಾತ್ರ. ಎಲ್ಲರೂ ಮೊದಲಿನಂತೆ ಹತ್ತೋಕೆ ಒಂದು ವರ್ಷಕ್ಕೂ ಜಾಸ್ತಿ ಹಿಡಿಯಿತು.

ಮಾವನ ಲೆಕ್ಕದಲ್ಲಿ ತಪ್ಪು ಎಲ್ಲಿತ್ತು ಅಂತ ನನಗೆ ಹೊಳೆದದ್ದು ಇಲ್ಲೇ. ಅವರು ಮೋಡ ನೋಡುತ್ತಿದ್ದರು. ಮೋಡದ ಹಿಂದೆಯೇ ಶಾಲೆ ಶುರುವಾಗುತ್ತಿತ್ತು, ಕಿಟಕಿ ಮುಚ್ಚುತ್ತಿತ್ತು. ಮಳೆಗಾಲದ ತೇವದ ಗಾಳಿಗೂ ಫ್ಲೂಗೂ ಏನೋ ನಂಟಿದೆ, ಇಲ್ಲ ಅನ್ನಲ್ಲ. ನಮ್ಮ ದೇಶದ ಹೆಚ್ಚಿನ ಕಡೆ ಫ್ಲೂ ಏರೋದು ಮಳೆಗಾಲದಲ್ಲೇ, ಶ್ರೀನಗರದಂಥ ಕಡೆ ಮಾತ್ರ ಚಳಿಯಲ್ಲಿ. ಆದರೆ ಮೈ ನೆನೆದರೆ ಬರೋದಾಗಿದ್ದರೆ 2020ರಲ್ಲಿ ಬರಬೇಕಿತ್ತಲ್ಲ?

ಇದೇ ಊರಿನಲ್ಲಿ ತಿರುಗಾಮುರುಗಾ ಉದಾಹರಣೆಯೂ ಇದೆ. 1918ರ ಜೂನ್ 10ರಂದು ಬೊಂಬಾಯಿಯಲ್ಲಿ ಏಳು ಪೊಲೀಸ್ ಸಿಪಾಯಿಗಳು ಜ್ವರ ಅಂತ ಆಸ್ಪತ್ರೆ ಸೇರಿದರು, ಅವರಲ್ಲಿ ಒಬ್ಬ ಬಂದರಿನ ಕಾವಲಿನವನು. ಹಡಗಿನಿಂದ ಬಂತು ಎಂದು ನಗರದ ಆರೋಗ್ಯಾಧಿಕಾರಿ ಟರ್ನರ್ ಹೇಳಿದರು. ಆ ವರ್ಷ ಮಳೆ ಕೈಕೊಟ್ಟಿತ್ತು, ದೇಶದ ದೊಡ್ಡ ಬರಗಾಲಗಳಲ್ಲಿ ಅದೂ ಒಂದು. ಆದರೂ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಜ್ವರ ಮತ್ತೆ ತಿರುಗಿ ಬಂದು ಜನರನ್ನು ಸಾಲುಸಾಲಾಗಿ ಕೊಂಡೊಯ್ಯಿತು. ಇಡೀ ದೇಶದಲ್ಲಿ ಒಂದು ಕೋಟಿಗೂ ಮಿಕ್ಕಿ ಸತ್ತರು. ಅದು ಹೊಸ ವೈರಸ್, ಹೊಸತು ಕಾಲ ನೋಡಿ ಬರಲ್ಲ, ಅದು ನಿಜ. ಆದರೆ ಮಾವನಿಗೆ ಇದನ್ನು ಹೇಳಿದಾಗ ಅವರು ನಂಬಲಿಲ್ಲ. "ಬರಗಾಲದಲ್ಲಿ ಹೊಟ್ಟೆಗಿರಲಿಲ್ಲ, ಅದಕ್ಕೇ ಸತ್ತರು" ಅಂದರು. ಅದರಲ್ಲೂ ಸತ್ಯ ಇದೆ, ನನಗೆ ಬಾಯಿ ಮುಚ್ಚಬೇಕಾಯಿತು.

2020ರ ನವೆಂಬರಿನಲ್ಲಿ ಮಗನಿಗೆ ಮೂಗು ಸೋರೋಕೆ ಶುರುವಾಯಿತು. ಆಗ ಅವನಿಗೆ ಒಂಬತ್ತು ವರ್ಷ. ಹೊರಗೆ ಹೋಗಿರಲಿಲ್ಲ, ಸೊಸೈಟಿಯ ಮಕ್ಕಳ ಜೊತೆ ಮೆಟ್ಟಿಲ ಮೇಲೆ ಕೇರಂ ಆಡಿದ್ದು ಬಿಟ್ಟರೆ. ಸೆಕ್ರೆಟರಿ ಬಾಗಿಲ ಹೊರಗೆ ಆರಡಿ ದೂರ ನಿಂತು, "ಟೆಸ್ಟ್ ಮಾಡಿಸಿದ್ರಾ?" ಅಂದರು. ಮಾಡಿಸಿದೆವು. ರಿಪೋರ್ಟ್ ಬರುವವರೆಗಿನ ಎರಡು ದಿನ ನಾನು ಅನ್ನ ಬೇಯಿಸಿದ್ದು ನೆನಪಿದೆ, ತಿಂದದ್ದು ನೆನಪಿಲ್ಲ. ನೆಗೆಟಿವ್ ಬಂತು. ಬರೀ ನೆಗಡಿ. ನನಗೆ ಆಮೇಲೆ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ಫ್ಲೂನೇ ಓಡಿಹೋಗಿರುವಾಗ ಈ ಜುಜುಬಿ ನೆಗಡಿ ಎಲ್ಲಿಂದ ಬಂತು?

ಉತ್ತರ ನಮ್ಮ ಕೌಂಟರಿನ ಮೇಲೇ ಇತ್ತು, ಸ್ಯಾನಿಟೈಸರ್ ಬಾಟಲಿ. ಫ್ಲೂಗೂ ಕೊರೊನಾಗೂ ಮೈಮೇಲೆ ಒಂದು ಕೊಬ್ಬಿನ ಹೊದಿಕೆ ಇದೆ. ಸೋಪು, ಆಲ್ಕೋಹಾಲ್ ತಾಗಿದರೆ ಅದು ಕರಗುತ್ತದೆ, ವೈರಸ್ ಕೆಡುತ್ತದೆ. ನೆಗಡಿ ತರುವ ರೈನೊವೈರಸ್‌ಗೆ ಆ ಹೊದಿಕೆಯೇ ಇಲ್ಲ. ಸ್ಯಾನಿಟೈಸರಿಗೆ ಅಷ್ಟು ಸುಲಭಕ್ಕೆ ಜಗ್ಗಲ್ಲ. ಕೇರಂ ಸ್ಟ್ರೈಕರ್ ಮೇಲೂ ಕೆಲವು ಗಂಟೆ ಬದುಕಿರುತ್ತದೆ. ಹಾಂಗ್‌ಕಾಂಗಿನಲ್ಲಿ 2020ರಲ್ಲಿ ಶಾಲೆ ತೆರೆದಾಗ ಮಕ್ಕಳೆಲ್ಲ ಮಾಸ್ಕ್ ಹಾಕಿಕೊಂಡೇ ಕೂತಿದ್ದರೂ ನೆಗಡಿ ಶಾಲೆ ಶಾಲೆಗೆ ಹಬ್ಬಿತು. ನಮ್ಮನೆಯವರು ಸ್ಯಾನಿಟೈಸರನ್ನು ಐದೈದು ಲೀಟರ್ ಕ್ಯಾನಿನಲ್ಲಿ ತರಿಸಿದ್ದು ನೆನೆದರೆ ಈಗಲೂ ನಗು ಬರುತ್ತದೆ. ಅರ್ಧ ಕ್ಯಾನು ಗಾಜಿನ ಶೋಕೇಸ್ ಒರೆಸೋಕೆ ಹೋಯಿತು.

ಮತ್ತೆ ಎಲ್ಲ ತಿರುಗಿ ಬಂತು. 2022ರ ಏಪ್ರಿಲ್ 2, ಯುಗಾದಿ, ಇಲ್ಲಿಯವರಿಗೆ ಗುಡಿಪಾಡ್ವ. ಅವತ್ತಿನಿಂದ ಮಹಾರಾಷ್ಟ್ರದಲ್ಲಿ ಎಲ್ಲ ನಿರ್ಬಂಧ ಹೋಯಿತು, ಮಾಸ್ಕ್ ಹಾಕೋದು ಬಿಡೋದು ಅವರವರ ಇಷ್ಟ. ಆ ಜುಲೈನಲ್ಲಿ ಎಚ್1ಎನ್1 ಬಂತು. 2009ರಲ್ಲಿ ನಾವು 'ಹಂದಿ ಜ್ವರ' ಅಂತ ನಡುಗಿದ್ದೆವಲ್ಲ, ಅದೇ. ಆಗ ದೇಶದ ಮೊದಲ ಸಾವು ಪುಣೆಯಲ್ಲಿ, ಆಗಸ್ಟ್ 3ಕ್ಕೆ, ಶಾಲೆಗೆ ಹೋಗುವ ಹುಡುಗಿ. ಮುಂಬಯಿಯಲ್ಲೂ ಶಾಲೆಗಳನ್ನು ಒಂದು ವಾರ ಮುಚ್ಚಿದ್ದರು. ಒಂದು ಮಾಸ್ಕಿಗೆ ಜನ ಜಗಳ ಆಡಿದ್ದರು ನಮ್ಮ ಕೌಂಟರಿನಲ್ಲಿ. ಆ ವೈರಸ್ ಆಮೇಲೆ ಎಲ್ಲೂ ಹೋಗಲಿಲ್ಲ, ಮಾಮೂಲಿ ಫ್ಲೂಗಳ ಸಾಲಿನಲ್ಲಿ ಸೇರಿಕೊಂಡಿತು. 2022ರಲ್ಲಿ ಅದೇ ಬಂದಾಗ ಕೌಂಟರಿನಲ್ಲಿ ಯಾರೂ ಮಾಸ್ಕ್ ಕೇಳಲಿಲ್ಲ. ಸಾಕಪ್ಪಾ ಸಾಕು ಅನ್ನಿಸಿತ್ತು ಎಲ್ಲರಿಗೂ. ಸಿರಪ್ ಮಾತ್ರ ವಾರಕ್ಕೆರಡು ಸಲ ತರಿಸಿದೆವು.

2023ರ ಶುರುವಿನಲ್ಲಿ ಎಚ್3ಎನ್2 ಅನ್ನೋ ಇನ್ನೊಂದು ಫ್ಲೂ. ಇದು ಮಳೆಗಾಲವಲ್ಲ, ಜನವರಿಯಿಂದ ಮಾರ್ಚ್. ನಮ್ಮಲ್ಲಿ ಆ ಹೊತ್ತಿಗೂ ಒಂದು ಸಣ್ಣ ಏರಿಕೆ ಇದ್ದದ್ದೇ, ಆದರೆ ಈ ಸಲ ಸಣ್ಣದಾಗಿರಲಿಲ್ಲ. ಮೂರು ದಿನ ಜ್ವರ, ಮೂರು ವಾರ ಕೆಮ್ಮು. ಭಾರತೀಯ ವೈದ್ಯಕೀಯ ಸಂಘವೇ ಇದಕ್ಕೆ ಆ್ಯಂಟಿಬಯೋಟಿಕ್ ಕೊಡಬೇಡಿ ಅಂತ ಹೇಳಬೇಕಾಯಿತು. ಜನ ಅಜಿತ್ರೊಮೈಸಿನ್ ಹೆಸರನ್ನು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು, ಚೀಟಿ ಇಲ್ಲದೆ. ಇಲ್ಲ ಅಂದರೆ ಎದುರಿನ ಅಂಗಡಿಗೆ ಹೋಗುತ್ತಿದ್ದರು. ಮಾರ್ಚಿನಲ್ಲಿ ಹಾಸನ ಜಿಲ್ಲೆಯ ಒಬ್ಬ ಹಿರಿಯರು ಇದರಿಂದ ತೀರಿಕೊಂಡರು ಅಂತ ಸುದ್ದಿ ಬಂದಾಗ ಅಂಕೋಲದಿಂದ ಅಮ್ಮನ ಫೋನು. "ಅಲ್ಲಿ ಹೇಗಿದೆ? ಕಷಾಯ ಮಾಡ್ಕೊಂಡು ಕುಡೀರಿ."

ಎರಡು ವರ್ಷ ಫ್ಲೂ ಮುಟ್ಟದೇ ಇದ್ದ ಮೈಗೆ ಅದರ ನೆನಪು ಮಸುಕಾಗಿರುತ್ತದೆ. 2020ರಲ್ಲಿ ಹುಟ್ಟಿದ ಮಕ್ಕಳಿಗಂತೂ ಪರಿಚಯವೇ ಇಲ್ಲ. ಹಾಗಾಗಿ ತಿರುಗಿ ಬಂದಾಗ ಹಲವು ಕಡೆ ಹೊತ್ತಲ್ಲದ ಹೊತ್ತಿನಲ್ಲಿ ಬಂತು. ಆಸ್ಟ್ರೇಲಿಯಾದಲ್ಲಿ 2022ರಲ್ಲಿ ಬೇಗ, ಅಮೆರಿಕದಲ್ಲಿ ಆ ವರ್ಷದ ಕೊನೆಗೆ ಬೇಗ. ಮಕ್ಕಳ ಎದೆ ಕಟ್ಟಿಸುವ ಆರ್‌ಎಸ್‌ವಿ ಅನ್ನೋ ಇನ್ನೊಂದು ವೈರಸ್ ಚಳಿಗಾಲ ಬಿಟ್ಟು ಬೇಸಿಗೆಯಲ್ಲಿ ಬಂತು.

ಹಾಗಾದರೆ ಆ ಎರಡು ವರ್ಷ ಫ್ಲೂ ಎಲ್ಲಿ ಅಡಗಿತ್ತು? 2024ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಇದನ್ನೇ ಹುಡುಕಿತು, ವೈರಸ್‌ಗಳ ವಂಶಾವಳಿ ಹಿಡಿದು. ಎಚ್1ಎನ್1, ಎಚ್3ಎನ್2 ಸೇರಿದ ಫ್ಲೂ ಎ ಬಳಗದ ವೈರಸ್‌ಗಳ ಮುಖ್ಯ ಕಾಂಡ ಆಗ ದಕ್ಷಿಣ ಏಷ್ಯಾದಲ್ಲಿತ್ತಂತೆ. ಅಂದರೆ ನಮ್ಮ ಕಡೆ! ನಮ್ಮ ಅಂಗಡಿಗೆ ಬಾರದೆ ಇಲ್ಲೇ ಎಲ್ಲೋ ಸಣ್ಣಗೆ ಉಸಿರಾಡಿಕೊಂಡಿತ್ತು. ಫ್ಲೂ ಬಿ ಬಳಗದ ಬಿ/ವಿಕ್ಟೋರಿಯಾ ಅನ್ನೋದು ಪಶ್ಚಿಮ ಏಷ್ಯಾದಲ್ಲಿ. ವಿಮಾನಗಳು ಮತ್ತೆ ತುಂಬಿದ ಮೇಲೆ ಎಲ್ಲ ಮೊದಲಿನ ಹಾಗೆ ಸುತ್ತೋಕೆ ಶುರು.

ಒಂದು ಬಿಟ್ಟು. ಬಿ/ಯಮಗಾಟ ಅಂತ ಇನ್ನೊಂದು ಫ್ಲೂ ಇತ್ತು. 2020ರ ಮಾರ್ಚ್ ಆದ ಮೇಲೆ ಅದು ನಿಜವಾಗಿ ಎಲ್ಲಾದರೂ ಸಿಕ್ಕಿದೆ ಅಂತ ಖಚಿತವಾದ ಒಂದು ಪ್ರಕರಣವೂ ಇಲ್ಲ. ನಮ್ಮ ಫ್ರಿಜ್ಜಿನಲ್ಲಿ ಫ್ಲೂ ಲಸಿಕೆ ಇಟ್ಟಿರುತ್ತೇವೆ, ಎರಡರಿಂದ ಎಂಟು ಡಿಗ್ರಿಯಲ್ಲಿ. ಆಗ ಡಬ್ಬದ ಮೇಲೆ ನಾಲ್ಕು ವೈರಸ್ ಹೆಸರಿದ್ದವು, ಎರಡು ಎ, ಎರಡು ಬಿ, ಕೊನೆಯದು ಯಮಗಾಟ. ಇನ್ನು ಅದು ಲಸಿಕೆಯಲ್ಲಿ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಸೆಪ್ಟೆಂಬರಿನಲ್ಲಿ ಹೇಳಿತು. ಆ ಡಬ್ಬ ಹಿಡಿದುಕೊಂಡು ನಾನು ಇವರಿಗೆ ತೋರಿಸಿದೆ. ಯಾರೂ ಅದನ್ನು ಗುರಿಯಿಟ್ಟು ಹೊಡೆದಿರಲಿಲ್ಲ. ಬೇರೆ ಯಾವುದನ್ನೋ ತಡೆಯೋಕೆ ನಾವು ಮನೆಯಲ್ಲಿ ಕೂತೆವು, ಇದು ದಾರಿಯಲ್ಲಿ ಸಿಕ್ಕಿ ಹೋಯಿತು.

ಹಾಗಂತ ಫ್ಲೂ ನಿಲ್ಲಿಸೋಕೆ ಮತ್ತೆ ಶಾಲೆ ಮುಚ್ಚಿ ಅಂತ ಯಾರಾದರೂ ಅಂದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ನಮ್ಮ ಮನೆಗೆಲಸದವಳ ಮಗಳು ಪಾಲಿಕೆಯ ಕನ್ನಡ ಶಾಲೆಗೆ ಹೋಗುತ್ತಿದ್ದಳು. ಮನೆಯಲ್ಲಿ ಇದ್ದದ್ದು ಒಂದು ಫೋನು, ಅದೂ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿತ್ತು. ಒಂದೂವರೆ ವರ್ಷ ಆದ ಮೇಲೆ ಅವಳಿಗೆ ಒತ್ತಕ್ಷರ ಮರೆತೇ ಹೋಗಿತ್ತು. 'ಅಮ್ಮ' ಅಂತ ಬರೆಯೋಕೆ 'ಅಮ' ಬರೆದು ನನ್ನ ಮುಖ ನೋಡಿದಳು.

ಕಿಟಕಿ ತೆಗೆಯೋದು, ಜ್ವರ ಬಂದವರು ಎರಡು ದಿನ ಮನೆಯಲ್ಲಿರೋದು, ಕೆಮ್ಮುವವರು ಟ್ರೈನಿನಲ್ಲಿ ಮಾಸ್ಕ್ ಹಾಕೋದು, ಮಳೆಗಾಲಕ್ಕೆ ಮೊದಲೇ ವಯಸ್ಸಾದವರಿಗೆ ಲಸಿಕೆ ಕೊಡಿಸೋದು. ಇಷ್ಟಾದರೂ ಉಳಿಯಬಹುದಿತ್ತು. ಹೇಳೋಕೆ ಸುಲಭ. ಹೋದ ಜುಲೈನಲ್ಲಿ ಹೋಟೆಲಿನ ಹುಡುಗನೊಬ್ಬ ಬಂದ. ಕಣ್ಣು ಕೆಂಪಗೆ, ಮುಟ್ಟದೆಯೇ ಜ್ವರ ಗೊತ್ತಾಗುತ್ತಿತ್ತು. "ಅಕ್ಕಾ, ಒಂದ್ ಗಟ್ಟಿ ಮಾತ್ರೆ ಕೊಡಿ. ನಾಳೆ ಐದ್ ಗಂಟೆಗೆ ಏಳ್ಕ್" ಅಂದ. ಎರಡು ದಿನ ಮಲಗು ಅಂದೆ. ನಕ್ಕ. ಹೋಟೆಲಿನ ಮೇಲಿನ ಒಂದೇ ಕೋಣೆಯಲ್ಲಿ ಅವರು ಏಳು ಜನ ಮಲಗುತ್ತಾರೆ, ಮಲಗಿದರೂ ಅಲ್ಲೇ ಮಲಗಬೇಕು. ರಜೆ ಹಾಕಿದರೆ ಅವತ್ತಿನ ಸಂಬಳ ಇಲ್ಲ. ಅಟ್ಟದ ಮೇಲೆ 2020ರ ಮಾಸ್ಕುಗಳು ಇನ್ನೂ ಎರಡು ಡಬ್ಬ ಉಳಿದಿವೆ. ಒಂದು ಮುಷ್ಟಿ ತೆಗೆದು ಕೊಟ್ಟೆ. ಮಡಚಿ ಜೇಬಿಗೆ ಹಾಕಿಕೊಂಡ. ಆ ವಾರ ಬೆನ್ನಿಗೆ ಬೆನ್ನಿಗೆ ಇನ್ನೂ ನಾಲ್ಕು ಜನ ಅದೇ ಮಾತ್ರೆ ಕೇಳಿಕೊಂಡು ಬಂದರು, ಅದೇ ಕೋಣೆಯವರು.

ಈಗ ನಾನು ಸ್ಟಾಕಿನ ಲೆಕ್ಕ ಮೋಡ ನೋಡಿ ಹಾಕಲ್ಲ. ಶಾಲೆ ಯಾವತ್ತು ಶುರು, ಗಣಪತಿ ಹಬ್ಬ ಯಾವತ್ತು, ಊರಿಗೆ ಹೋದವರು ಕೊಂಕಣ ರೈಲಿನಲ್ಲಿ ತುಂಬಿಕೊಂಡು ಯಾವತ್ತು ವಾಪಸ್ಸು ಅಂತ ಕ್ಯಾಲೆಂಡರ್ ನೋಡುತ್ತೇನೆ. ಮೊದಲೆಲ್ಲ ಮಾವನ ಮೋಡಕ್ಕೂ ನನ್ನ ಕ್ಯಾಲೆಂಡರಿಗೂ ಜಗಳವೇ ಇರಲಿಲ್ಲ, ಎರಡೂ ಜೂನ್ ಮಧ್ಯಕ್ಕೇ ಬಂದು ನಿಲ್ಲುತ್ತಿದ್ದವು. 2025ರಲ್ಲಿ ಮಾತ್ರ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು, ಎರಡೇ ದಿನಕ್ಕೆ ಮುಂಬಯಿಗೂ ಬಂದುಬಿಟ್ಟಿತು. ಮುಂಬಯಿಯಲ್ಲಿ ಇಷ್ಟು ಬೇಗ ಯಾರೂ ಕಂಡಿರಲಿಲ್ಲ. ಮಾವ ಅವತ್ತೇ ಫೋನ್ ಎತ್ತಿದರು. ನಾನು ಶಾಲೆ ಜೂನ್ 16ಕ್ಕೆ, ಕಾಯೋಣ ಅಂದೆ. ಕೇಳಲಿಲ್ಲ. ಡಬ್ಬಗಳು ಬಂದವು, ಜೂನ್ ಇಡೀ ಹಾಗೇ ಕೂತವು. ಶಾಲೆ ಶುರುವಾಗಿ ಎರಡು ವಾರ ಆದ ಮೇಲೆ ಒಂದು ಸಂಜೆ, ಸಮವಸ್ತ್ರದ ಮಗುವನ್ನು ಎತ್ತಿಕೊಂಡು ಒಬ್ಬ ತಾಯಿ ಬಂದಳು. ಅವಳ ಹಿಂದೆ ಇನ್ನೊಬ್ಬಳು.

ನಾನು ಏನೂ ಅನ್ನಲಿಲ್ಲ, ಮಾವನ ಕಡೆ ನೋಡಿದೆ ಅಷ್ಟೇ. ಅವರು ಕನ್ನಡಕ ಒರೆಸಿಕೊಂಡರು.

"ಮೇ ತಿಂಗಳಲ್ಲಿ ಬಂದದ್ದು ಒಂದು ಮಳೆಯೇನೇ?" ಅಂದರು.